ಕೆಂಪು ನಕ್ಷತ್ರದ ಖಾನೆಗಳು

ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡು ಹನ್ನೆರಡು ವರ್ಷವಾಯಿತು. ಇಲ್ಲಿ ಒಂದು ವಾರ ತಮಾಷೆ ನಡೆಯಲಿಲ್ಲವೆಂದರೆ ಆ ವಾರ ನೆಟ್ ಇರಲಿಲ್ಲ ಎಂದೇ ಅರ್ಥ. ಬಹುಪಾಲು ತಮಾಷೆಗೆ ಕಾರಣ, ಖಾನೆಯ ಪಕ್ಕ ಕೂತಿರುವ ಪುಟ್ಟ ಕೆಂಪು ನಕ್ಷತ್ರ. ಅದಿದ್ದರೆ ಖಾನೆ ಖಾಲಿ ಬಿಡುವಂತಿಲ್ಲ. ಬಿಟ್ಟು ‘ಸಲ್ಲಿಸಿ’ ಒತ್ತಿದರೆ ಅರ್ಜಿ ಅಲ್ಲೇ ಕೂತು ‘ಈ ಖಾನೆ ಕಡ್ಡಾಯ’ ಎಂದು ಕೆಂಪಗೆ ಕಿರುಚುತ್ತದೆ. ತುಂಬಲು ಏನೂ ಇಲ್ಲದವರು ಏನು ಮಾಡಬೇಕು ಅಂತ ಮಾತ್ರ ಅದು ಹೇಳುವುದಿಲ್ಲ. ಆ ಕೆಲಸ ನನ್ನದು.

ಅಡ್ಡಹೆಸರು

ಹಿನಕಲ್‌ನಿಂದ ಒಬ್ಬ ಅಜ್ಜಿ ಹಿರಿಯರ ಬಸ್ ಪಾಸಿಗೆ ಅರ್ಜಿ ಹಾಕಲು ಬಂದರು. ಹುಟ್ಟಿದಾಗಿನಿಂದ ಅವರಿಗಿರುವುದು ಒಂದೇ ಹೆಸರು. ಅರ್ಜಿಗೆ ಎರಡು ಬೇಕು.

“ಅಡ್ಡಹೆಸರು ಏನಜ್ಜಿ?” ಅಂದೆ.

“ಬೀದೀಲಿ ಎಲ್ರೂ ಜಗಳಗಂಟಿ ಅಂತಾರೆ ಕಣವ್ವ. ಅದ್ನೇ ಆಕ್ಬುಡು.”

“ಅಯ್ಯೋ, ಪಾಸಿನ ಮೇಲೆ ಅಚ್ಚಾಗುತ್ತೆ!”

“ಆಗ್ಲಿ ಬುಡು. ಓದ್ಕಂಡು ಕಂಡಕ್ಟ್ರು ಸೀಟು ಕೊಡುಸ್ತಾನೆ.”

ನನಗೇ ಧೈರ್ಯ ಬರಲಿಲ್ಲ. ಅವರನ್ನು ಒಪ್ಪಿಸಿ, ಆ ಖಾನೆಯಲ್ಲಿ ಊರಿನ ಹೆಸರು ಹಾಕಿದೆ. ಅರ್ಜಿ ಸರಕ್ಕನೆ ದಾಟಿತು. ಹದಿನೈದು ದಿನ ಬಿಟ್ಟು ಅಜ್ಜಿ ಪಾಸನ್ನು ಬಾವುಟದ ಹಾಗೆ ಎತ್ತಿಹಿಡಿದುಕೊಂಡು ಬಂದರು.

“ನೋಡವ್ವ, ಇಷ್ಟು ವರ್ಷ ಕಿತ್ತಾಡುದ್ರೂ ಒಂದಡಿ ಜಾಗ ಸಿಕ್ಕಿರ್ನಿಲ್ಲ. ಈಗ ಇಡೀ ಹಿನಕಲ್ಲೇ ನನ್ನೆಸರಿಗೆ ಬಂದ್ಬುಡ್ತು!”

ಗಂಡನ ಹೆಸರು

ಇನ್ನೊಮ್ಮೆ ಬಂದವರು ಕಾಲೇಜಿನಲ್ಲಿ ಗಣಿತ ಹೇಳುವ ಮೇಡಂ. ವಯಸ್ಸು ನಲವತ್ತೆಂಟು, ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ. ಕಾಯಂ ಹುದ್ದೆಗೆ ಅರ್ಜಿ, ಅವತ್ತೇ ಕೊನೆಯ ದಿನ. ‘ಅವಿವಾಹಿತೆ’ ಎಂದು ಆರಿಸಿದ ಮೇಲೂ ‘ಪತಿಯ ಹೆಸರು’ ಖಾನೆಯ ನಕ್ಷತ್ರ ಅಳಿಯಲಿಲ್ಲ. ಖಾಲಿ ಬಿಟ್ಟರೆ ಬೇಡ, ಗೆರೆ ಎಳೆದರೆ ಬೇಡ, ಚುಕ್ಕಿ ಇಟ್ಟರೂ ಬೇಡ.

ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

“ಖಾಲಿ ಬಿಡಿ ಮೇಡಂ,” ಅಂದರು ಅತ್ತಲಿನವರು.

“ಬಿಡಕ್ಕೆ ಕೊಡ್ತಿಲ್ಲ.”

“ಹಾಗಾದ್ರೆ ತುಂಬಿ.”

ಅಲ್ಲಿಯವರೆಗೆ ಸುಮ್ಮನಿದ್ದ ಮೇಡಂ ಫೋನಿನ ಹತ್ತಿರ ಬಗ್ಗಿದರು. “ತುಂಬ್ತೀನಿ ಸರ್. ನಿಮ್ಮ ಪೂರ್ತಿ ಹೆಸರು, ಇನಿಷಿಯಲ್ ಸಮೇತ ಹೇಳಿ.”

ಅತ್ತಲಿಂದ ಸಣ್ಣ ದನಿಯಲ್ಲಿ, “ನಂಗೆ ಮದುವೆಯಾಗಿದೆ ಮೇಡಂ. ಹತ್ತು ನಿಮಿಷ ಟೈಮ್ ಕೊಡಿ.”

ಎಂಟನೇ ನಿಮಿಷಕ್ಕೆ ನಕ್ಷತ್ರ ಮಾಯ. ಅರ್ಜಿ ಹೋಯಿತು, ಕೆಲಸವೂ ಸಿಕ್ಕಿತು. “ಹತ್ತರಲ್ಲಿ ಎರಡು ನಿಮಿಷ ಉಳಿಸ್ದ,” ಅಂದರು ಗಣಿತದ ಮೇಡಂ, “ಯಾಕೋ ತುಂಬ ಹೆದರ್ಕೊಂಡ.”

ಹತ್ತಿರದ ಗುರುತು

ಮೂರನೆಯದು ನನ್ನದೇ ಕಥೆ. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಒಂದು ಗುಂಡಿಯಿತ್ತು. ಎಂಥ ಗುಂಡಿಯೆಂದರೆ ಎದುರುಮನೆಯ ಮೇಷ್ಟ್ರು ಸ್ಕೂಟರ್ ಸಮೇತ ಅದರೊಳಗೆ ಇಳಿದು, ಕೈಗೆ ಕಟ್ಟು ಹಾಕಿಸಿಕೊಂಡೇ ಮೇಲೆ ಬಂದರು. ಅವತ್ತೇ ನಾನು ರಸ್ತೆ ದೂರುಗಳ ವೆಬ್‌ಸೈಟ್ ತೆರೆದೆ. ಎಲ್ಲ ತುಂಬಿದೆ. ‘ಹತ್ತಿರದ ಗುರುತು’ ಅನ್ನುವಲ್ಲಿ ನಿಂತೆ. ನಮ್ಮ ಬೀದಿಯಲ್ಲಿ ಗುಡಿಯಿಲ್ಲ, ಶಾಲೆಯಿಲ್ಲ, ಒಂದು ಬೇಕರಿಯೂ ಇಲ್ಲ. ಖಾಲಿ ಬಿಟ್ಟೆ, ತಗೊಳ್ಳಲಿಲ್ಲ. ‘ಇಲ್ಲ’ ಎಂದು ಬರೆದೆ. ‘ಗುರುತು ಅಸ್ಪಷ್ಟ, ದೂರು ತಿರಸ್ಕೃತ’ ಎಂದು ಉತ್ತರ ಬಂತು. ‘ಮೇಷ್ಟ್ರ ಮನೆ’ ಎಂದು ಬರೆದೆ. ‘ಖಾಸಗಿ ಮನೆ ಗುರುತಲ್ಲ’ ಎಂದು ಅದೂ ವಾಪಸ್.

ಮೇಷ್ಟ್ರು ಕಟ್ಟಿದ ಕೈ ಹೊತ್ತುಕೊಂಡು ಬಂದು ಕೇಳಿದರು. “ಊರಿನೋರ ಅರ್ಜಿಯೆಲ್ಲ ದಾಟುಸ್ತೀರಿ, ನಮ್ಮ ಬೀದೀದು ಒಂದು ಆಗಲ್ವೇನಮ್ಮ?”

ಮಾತು ಚುಚ್ಚಿತು. “ನಮ್ಮ ಬೀದಿಗೆ ಗುರುತು ಅಂತ ಏನಿದೆ ಸರ್?”

“ಆಟೋದವನಿಗೆ ಏನಂತ ಹೇಳ್ತೀರಿ?”

“ದೊಡ್ಡ ಗುಂಡಿ ಹತ್ರ ನಿಲ್ಸಪ್ಪ ಅಂತ.”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಖಾನೆಯಲ್ಲಿ ‘ದೊಡ್ಡ ಗುಂಡಿ’ ಎಂದು ತುಂಬಿದೆ. ತಕ್ಷಣ ಸ್ವೀಕೃತ! ನಾಲ್ಕನೇ ದಿನಕ್ಕೆ ಜಲ್ಲಿ ಬಂತು, ಟಾರು ಬಂತು, ರೋಲರ್ ಬಂತು. ಸಂಜೆ ಹೊತ್ತಿಗೆ ರಸ್ತೆ ಕೇರಂ ಬೋರ್ಡಿನಂತೆ ನುಣ್ಣಗಾಗಿತ್ತು. ಮೇಷ್ಟ್ರ ಹೆಂಡತಿ ಮನೆಮನೆಗೂ ಕೇಸರಿಬಾತ್ ಹಂಚಿದರು. ನಾನು ಗೆದ್ದುಬಂದ ದಳವಾಯಿಯ ಹಾಗೆ ಬೀದಿಯುದ್ದಕ್ಕೂ ಎರಡು ಸಲ ಸ್ಕೂಟರ್ ಓಡಿಸಿದೆ.

ಮಾರನೇ ವಾರ ರಸ್ತೆ ದೂರಿನ ಕಚೇರಿಯವರ ಫೋನ್ ಬಂತು. “ಮೇಡಂ, ಕೆಲಸ ಸರಿಯಾಗಿದೆಯಾ ಅಂತ ನೋಡ್ಕೊಂಡು ಹೋಗಕ್ಕೆ ಬಂದಿದೀವಿ. ಒಂದು ಗಂಟೆಯಿಂದ ಸುತ್ತುತಾ ಇದೀವಿ, ನೀವು ಕೊಟ್ಟ ಗುರುತು ಎಲ್ಲೂ ಕಾಣ್ತಿಲ್ಲ ಕಣ್ರೀ!”

“ಹಾಗಾದ್ರೆ ಕೆಲಸ ಚೆನ್ನಾಗಿ ಆಗಿದೆ ಅಂತ ಬರ್ಕೊಂಡು ಹೊರಡಿ ಸರ್,” ಅಂದೆ.