ಬೀದಿಗೆಲ್ಲ ಬೇಡವಾದ ಹಾಡು

ಹೆಂಡತಿ ಬೆಳಗಿನ ಜಾವ ಹಾಡುತ್ತಾಳೆ ಎಂಬುದು ಆ ಕ್ಷೌರಿಕನ ಬಾಳಿನ ಏಕೈಕ ಮಹಾದುಃಖ. ತನ್ನ ಕಿವಿಗೆ ಕಾದ ಸೀಸದಂತೆ ಇಳಿಯುವ ದನಿಯನ್ನು ಪಾಪ, ಬೀದಿಯವರು ಹೇಗೆ ಸಹಿಸುತ್ತಿದ್ದಾರೋ ಎಂದು ಮರುಗಿ, ಆತ ಲೋಕಾಭಿಪ್ರಾಯ ಸಂಗ್ರಹಕ್ಕೆ ಇಳಿದ. ಕುರ್ಚಿಯಲ್ಲಿ ಕೂತವರ ಗದ್ದ ಎತ್ತಿ, ಕುತ್ತಿಗೆಯ ಮೇಲೆ ಕತ್ತಿಯಿಟ್ಟು, ಮೆಲ್ಲನೆ ಕೇಳುತ್ತಿದ್ದ: "ನಮ್ಮವಳ ಗಂಟಲು ಅಡಗಿಸಿಬಿಡೋದೇ ಒಳ್ಳೇದು, ಅಲ್ವಾ?"

ದರ್ಜಿ ಹೂಂ ಎಂದ. ಮೇಷ್ಟ್ರು ಹೂಂ ಎಂದರು. ಬೇಕರಿಯವನು ಕೇಳುವ ಮೊದಲೇ ಹೂಂ ಎಂದ. (ಉಹೂಂ ಎನ್ನಬೇಕಾದರೆ ತಲೆ ಅಲ್ಲಾಡಿಸಬೇಕು. ಆ ಗಳಿಗೆಯಲ್ಲಿ ತಲೆ ಅಲ್ಲಾಡಿಸುವ ಶೂರ ಇನ್ನೂ ಹುಟ್ಟಿಲ್ಲ.)

"ನಂಗೊಬ್ಬನಿಗೇ ಅಲ್ಲ ಕಣೇ, ಇಡೀ ಬೀದಿಗೇ ಬೇಡವಂತೆ," ಎಂದು ಆತ ಮನೆಯಲ್ಲಿ ತೀರ್ಪು ಓದಿದ. ಅವಳು ಜಗಳಕ್ಕೆ ಬರಲಿಲ್ಲ. ಕಿಟಕಿ ಮುಚ್ಚಿದಳು, ಬಾಯಿ ಮುಚ್ಚಿದಳು, ಹೊಸಿಲು ದಾಟುವುದನ್ನೂ ಬಿಟ್ಟಳು.

ಅಂದಿನಿಂದ ಬೀದಿಗೆ ವಿಚಿತ್ರ ಮೌನ ಕವಿಯಿತು. ಅದನ್ನು ಆತ ಕೃತಜ್ಞತೆ ಎಂದುಕೊಂಡ. ಅಂಗಡಿಗೆ ಯಾರೂ ಬರಲಿಲ್ಲ. ಖಾಲಿ ಕುರ್ಚಿ ಕನ್ನಡಿಯನ್ನೇ ನೋಡುತ್ತಿತ್ತು. ಎದುರಾದವರು ಅವನ ಕೈಗಳನ್ನು ದಿಟ್ಟಿಸಿ, ಕುತ್ತಿಗೆ ಸವರಿಕೊಂಡು, ಆಚೆ ಬದಿಗೆ ಸರಿಯುತ್ತಿದ್ದರು. ಒಂದು ಮುಂಜಾನೆ ಮನೆ ಬಾಗಿಲು ತೆರೆದರೆ, ಮಂಜಿನಲ್ಲಿ ಇಡೀ ಬೀದಿಯೇ ಗಡ್ಡ ಬಿಟ್ಟುಕೊಂಡು ನಿಂತಿತ್ತು.

ಸನ್ಮಾನಕ್ಕೇ ಬಂದಿದ್ದಾರೆಂದು ಆತ ಅಂಗಿಯ ಗುಂಡಿ ಹಾಕಿಕೊಂಡ.

"ಅಕ್ಕನ್ನ ಏನ್ಮಾಡಿದೆ?" ದರ್ಜಿ ಕೇಳಿದ.

"ನೀವೇ ತಾನೇ ಹೂಂ ಅಂದಿದ್ದು?"

ಗುಂಪು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. "ಕತ್ತಿ ಹಿಡಿದು ಕೇಳಿದರೆ ಇನ್ನೇನಪ್ಪಾ ಅನ್ನೋದು?" ಮೇಷ್ಟ್ರು ಕುತ್ತಿಗೆ ಮುಚ್ಚಿಕೊಂಡು ಕೇಳಿದರು. "ನಿಜವಾಗ್ಲೂ ಕೊಯ್ದುಬಿಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಕ್ಷೌರಿಕ ಬಾಗಿಲನ್ನು ಪೂರ್ತಿ ತೆರೆದ. ಒಳಗೆ ತಿರುಗಿ, ಮದುವೆಯಾದಂದಿನಿಂದ ಬಳಸದ ಮೃದುದನಿಯಲ್ಲಿ ಬೇಡಿದ: "ಒಂದೇ ಒಂದು ಸಾಲು ಹಾಡೇ, ನನ್ನ ತಾಯಿ."

ಉತ್ತರವಿಲ್ಲ. ಮೇಷ್ಟ್ರು ತಲೆ ತಗ್ಗಿಸಿದರು. ಅವನಿಗೇ ಒಂದು ಕ್ಷಣ ತಾನು ಕೊಂದಿರಬಹುದೇನೋ ಅನ್ನಿಸಿತು.

"ಬೀದಿಗೆಲ್ಲ ಬೇಡವಂತಲ್ಲಾ," ಎಂದಿತು ಒಳಗಿನ ಕತ್ತಲೆ.

ದರ್ಜಿ ಅತ್ತೇಬಿಟ್ಟ. "ಅಕ್ಕಾ, ನೀವು ಹಾಡದೆ ನಮಗೆ ಬೆಳಗೇ ಆಗ್ತಿಲ್ಲ."

ಕಿಟಕಿ ತೆರೆಯಿತು. ಅವಳು ಹಾಡಿದಳು. ಗಡ್ಡಗಳೆಲ್ಲ ಕಣ್ಣು ಮುಚ್ಚಿ ತೂಗಿದವು. ತನ್ನ ಸಂಕಟ ಒಂದು ಮುಖದಲ್ಲಾದರೂ ಕಂಡೀತೇ ಎಂದು ಆತ ಮಂಜಿನಲ್ಲಿ ಹುಡುಕುತ್ತಿರುವಾಗ, ಯಾರದೋ ಹೆಗಲ ಮೇಲೆ ಕೂಸೊಂದು ಕಿಟಾರನೆ ಅತ್ತಿತು. ಅಂತೂ ಒಬ್ಬ ಸಮಾನಮನಸ್ಕ ಸಿಕ್ಕ ಎಂದು ಹಿಗ್ಗಿ ಅತ್ತ ನುಗ್ಗಿದ.

"ಏನಿಲ್ಲಪ್ಪಾ," ಎಂದು ಕೂಸಿನ ತಾಯಿ ಪಿಸುಗುಟ್ಟಿದಳು. "ಅಕ್ಕ ಉಸಿರು ತಗೊಳ್ಳೋಕೆ ನಿಲ್ಲಿಸಿದಾಗೆಲ್ಲ ಹೀಗೇ ಅಳ್ತಾನೆ."