ನಾಲ್ಕನೇ ಸೀಟು

ಕುಳಿತುಕೊಳ್ಳಲು ಮನುಷ್ಯನಿಗೆ ನಿಜವಾಗಿ ಎಷ್ಟು ಜಾಗ ಬೇಕು ಎಂಬುದನ್ನು ಲೋಕಲ್ ರೈಲಿನಷ್ಟು ಚೆನ್ನಾಗಿ ಯಾವ ಗುರುವೂ ಕಲಿಸಲಾರ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಅಂಡು ಊರಿ, ಉಳಿದರ್ಧವನ್ನು ಗಾಳಿಗೆ ಬಿಟ್ಟು, ಡೊಂಬಿವಲಿಯಿಂದ ಠಾಣೆಯ ಕಾರ್ಖಾನೆಗೆ ಹೋಗಿಬರುತ್ತ ತೊಂಬತ್ತರ ದಶಕದ ಬಹುಭಾಗವನ್ನು ಕಳೆದವನು ನಾನು. ಈ ಸೀಟಿಗೂ ಒಂದು ಮಂತ್ರವಿದೆ. 'ಜರಾ ಸರ್ಕೋ' ಎಂದರೆ ಕುಳಿತವರು ತುಸು ಸರಿಯುತ್ತಾರೆ. ಅದೂ ಆಗದಿದ್ದರೆ ಒಬ್ಬನ ಮುಂದೆ ನಿಂತು 'ಕಹಾಂ ಉತರೋಗೆ?', ಎಲ್ಲಿ ಇಳಿಯುತ್ತೀ, ಎಂದು ಕೇಳಿಡಬೇಕು. ಅವನು ಇಳಿದೊಡನೆ ಆ ಜಾಗ ಕೇಳಿದವನದು.

ಮಾಲು ರವಾನಿಸುವ ವಿಭಾಗ ನನ್ನದು. ಮಾಲು ಹೊರಡದೆ ನಾನು ಹೊರಡುವಂತಿಲ್ಲ. ಹೀಗಾಗಿ ಮಗಳು ಅಶ್ವಿನಿಯನ್ನು ವಾರವಿಡೀ ಮಲಗಿದ್ದಾಗಲೇ ನೋಡುತ್ತಿದ್ದೆ. ಅವಳು ಎಷ್ಟು ಉದ್ದವಾಗಿದ್ದಾಳೆಂದು ಹೇಳಬಲ್ಲವನಾಗಿದ್ದೆ, ಎಷ್ಟು ಎತ್ತರವಾಗಿದ್ದಾಳೆಂದು ಹೇಳಲಾರದವನಾಗಿದ್ದೆ.

ಅಂಬರನಾಥದ ಹಳೆಯ ಶಿವನ ಗುಡಿಗೆ ಕರೆದೊಯ್ಯುತ್ತೇನೆಂಬ ಮಾತು ಭಾನುವಾರದಿಂದ ಭಾನುವಾರಕ್ಕೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೊಂದು ಭಾನುವಾರ ಅವಳು ಹೊಸ ಫ್ರಾಕು ತೊಟ್ಟು ಸೋಫಾದಲ್ಲಿ ಕುಳಿತಿದ್ದಳು. ಹೆಂಡತಿ ಸುಮತಿ ಜಡೆ ಹಾಕುತ್ತಿದ್ದಳು. ನಾನು ಬಂದು 'ಜರಾ ಸರ್ಕೋ' ಎಂದೆ. ಸ್ವಂತ ಮಗಳಿಗೆ, ಹಿಂದಿಯಲ್ಲಿ. ಅವಳು ಸರಿದಳು. ನಾನು ತುದಿಯಲ್ಲಿ ಅರ್ಧ ಕುಳಿತೆ.

"ಎಂತ ಮಾರಾಯ್ರೆ, ಇಷ್ಟು ಜಾಗ ಉಂಟಲ್ಲ! ಸಮ ಕೂತ್ಕೊಳ್ಳಿ, ಇದು ನಿಮ್ಮದೇ ಮನೆ," ಎಂದು ಸುಮತಿ ನಕ್ಕಳು.

ಅಶ್ವಿನಿಗೆ ಆಟ ಹೊಳೆಯಿತು. ಕೆಳಗಿಳಿದು, ರೈಲಿನ ಹಿಡಿಕೆ ಹಿಡಿದವಳಂತೆ ಕೈಯೆತ್ತಿ, ನನ್ನೆದುರು ತೂಗಾಡುತ್ತ ಕೇಳಿದಳು: "ಅಂಕಲ್, ಕಹಾಂ ಉತರೋಗೆ?"

"ಅಂಬರನಾಥ್," ಎಂದೆ. ಮೂವರೂ ನಕ್ಕೆವು. ಆ 'ಅಂಕಲ್' ಮಾತ್ರ ಆಟದ್ದು ಹೌದೋ ಅಲ್ಲವೋ ಎಂದು ನನಗೆ ತಿಳಿಯಲಿಲ್ಲ.

ಆಗಲೇ ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಬಾಗಿಲಿಗೆ ಬಂದರು. ನಮಗೆ ಬರುವ ಫೋನೆಲ್ಲ ಅವರ ಮನೆಗೇ. "ತುಮ್ಚಾ ಫೋನ್! ಕಂಪನೀತೂನ್!" ಹೋಗಿ ಎತ್ತಿದರೆ ಕಂಪನಿಯ ಸಾಹೇಬರು. ಲಾರಿ ಬಂದು ನಿಂತಿದೆಯಂತೆ, ಮಾಲು ಇವತ್ತೇ ಹೋಗಬೇಕಂತೆ. ಇವತ್ತು ಭಾನುವಾರ ಎಂದು ಮೆಲ್ಲಗೆ ನೆನಪಿಸಿದೆ. ಒಳ್ಳೆಯದೇ ಆಯಿತು, ರೈಲು ಖಾಲಿ ಇರುತ್ತದೆ ಎಂದರು ಸಾಹೇಬರು.

ಮರಳಿ ಬಂದಾಗ ಅಶ್ವಿನಿ ಇನ್ನೂ ಕೈಯೆತ್ತಿಕೊಂಡೇ ನಿಂತಿದ್ದಳು. ನನ್ನ ಮುಖ ನೋಡಿ ಕೈ ಇಳಿಸಿದಳು.

"ಠಾಣೆ ಕಾ?" ಠಾಣೆಗೋ ಎಂದು ಮರಾಠಿಯಲ್ಲಿ ಕೇಳಿದಳು.

ಹೂಂ ಎಂದೆ. ಅವಳು ಅಳಲಿಲ್ಲ. ನಾನು ಬಿಟ್ಟ ಜಾಗದಲ್ಲಿ ಕುಳಿತು, ಫ್ರಾಕಿನ ನೆರಿಗೆ ಸರಿಪಡಿಸಿಕೊಂಡು, ಕಿಟಕಿಯ ಆಚೆ ನೋಡತೊಡಗಿದಳು. ಸುಮತಿ ಜಡೆ ಬಿಚ್ಚಲೂ ಇಲ್ಲ, ಮುಗಿಸಲೂ ಇಲ್ಲ.

ಸಾಹೇಬರು ಹೇಳಿದ್ದು ನಿಜ. ಬೋಗಿ ಖಾಲಿಯಿತ್ತು, ಇಡೀ ಬೆಂಚು ನನ್ನೊಬ್ಬನದೇ. ಠಾಣೆ ಬಂದು ಏಳುವಾಗ ನೋಡಿಕೊಂಡೆ: ತುದಿಯಲ್ಲೇ ಕುಳಿತಿದ್ದೆ.