ಟಸ್ಕನಿಯ ಕೆಂಪು, ಸೀಬ್‌ನ ಸಾರು

ಇಟಲಿಯ ಟಸ್ಕನಿಯಲ್ಲಿರುವ ಒಂದು ದ್ರಾಕ್ಷಿತೋಟದ ಕೆಂಪು ವೈನ್ ಹೇಗಿರಬೇಕೆಂದು ನಿಜವಾಗಿ ತಲೆಕೆಡಿಸಿಕೊಂಡವರು ಜಗತ್ತಿನಲ್ಲಿ ಇಬ್ಬರೇ: ಒಬ್ಬರು ಆ ತೋಟದ ಯಜಮಾನರು, ಇನ್ನೊಬ್ಬರು ಒಮಾನಿನ ಸೀಬ್‌ನಲ್ಲಿರುವ ನನ್ನ ಸೋದರಮಾವ. ಯಜಮಾನರು ವೈನ್ ಕುಡಿಯುತ್ತಾರೆಂದು ಭಾವಿಸಬಹುದು. ಮಾವ ಈವರೆಗೆ ಒಂದು ತೊಟ್ಟನ್ನೂ ಮುಟ್ಟಿದವರಲ್ಲ!

ನಾನಿರುವುದೂ ಸೀಬ್‌ನ ಅವರ ಮನೆಯಲ್ಲೇ. ಮಾವ ಪಕ್ಕದ ಮಸ್ಕತ್ತಿನ ಹೋಟೆಲೊಂದರಲ್ಲಿ ಬಡಿಸುವವರ ಮೇಲ್ವಿಚಾರಕರು. ಆ ತೋಟದ ಪ್ರತಿನಿಧಿ ಆಗಾಗ ಬಂದು ಸಿಬ್ಬಂದಿಗೆ ಪಾಠ ಹೇಳುವುದುಂಟು. ಉಳಿದವರು ರುಚಿ ನೋಡುತ್ತಾರೆ. ಮಾವ ಬರಿದೆ ಮೂಸಿ, ಪಾಠವನ್ನು ಮನೆಗೆ ತಂದು, ಊರಿನಿಂದ ತರಿಸಿದ ಪುನರ್ಪುಳಿ ಸಿಪ್ಪೆಯ ಹುಳಿ ಸಾರಿನ ಮೇಲೆ ಪ್ರಯೋಗಿಸುತ್ತಾರೆ. ಅದೂ ಕೆಂಪು, ಇದೂ ಕೆಂಪು; ಇದಕ್ಕಿಂತ ಹೆಚ್ಚಿನ ಆಧಾರ ಶಾಸ್ತ್ರಕ್ಕೆ ಬೇಕೆ?

ತೋಟದವರು ಹಣ್ಣನ್ನು ಚೆನ್ನಾಗಿ ಕಳಿಯಲು ಬಿಟ್ಟು, ರಸವನ್ನು ಹೊಸ ಮರದ ಚಿಕ್ಕ ಪೀಪಾಯಿಗಳಲ್ಲಿ ಇಡುತ್ತಿದ್ದ ಕಾಲದಲ್ಲಿ ನಮ್ಮ ಸಾರೂ ಬೆಲ್ಲದಿಂದ ಮಂದವಾಗಿ, ಚಕ್ಕೆಯ ತುಂಡುಗಳನ್ನು ತೇಲಿಸಿಕೊಂಡು ಬರುತ್ತಿತ್ತು.

"ಇದೆಂತ, ಸಾರೋ ಕಷಾಯವೋ?" ಎಂದು ಅತ್ತೆ ಕೇಳುವರು.

"ಮರದ ಗುಣ ಇಳಿಯಬೇಕು ಮಾರಾಯ್ತಿ. ನಿನಗೆ ಗೊತ್ತಾಗುವುದಿಲ್ಲ" ಎಂದು ಮಾವ ಮುನಿಸಿಕೊಂಡು ಬಾಲ್ಕನಿ ಸೇರುವರು. ತಮ್ಮ ಸಾರಿನ ಬಗ್ಗೆ ಅವರು ಅರ್ಧ ಮಾತನ್ನೂ ಸಹಿಸುವವರಲ್ಲ.

ಕಳೆದ ವರ್ಷ ಅತ್ತೆಗೆ ಜ್ವರ ಬಂದು ಹೋಯಿತು. ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಒಯ್ದಿತು. ಮರಳಬಹುದು, ಮರಳದಿರಲೂಬಹುದು ಎಂದರು ವೈದ್ಯರು. ಅದರ ಬೆನ್ನಿಗೇ ತೋಟದವರು ನಿಲುವು ಬದಲಿಸಿದರು: ಮರದ ವಾಸನೆ ಹಣ್ಣನ್ನೇ ಮುಚ್ಚಿಹಾಕುತ್ತಿದೆ, ಇನ್ನು ಹಳೆಯ ದೊಡ್ಡ ಪೀಪಾಯಿ, ಬೇಗ ಕೊಯ್ಲು, ಒಂದೊಂದು ಗುಡ್ಡದ ದ್ರಾಕ್ಷಿ ಬೇರೆಬೇರೆ.

"ಮುಚ್ಚಿದ್ದನ್ನು ತೆಗೆದರೆ ಇವಳಿಗೂ ಗೊತ್ತಾದೀತು" ಎಂದು ಮಾವ ಒಗ್ಗರಣೆಯನ್ನೇ ರದ್ದುಮಾಡಿದರು. ಪುತ್ತೂರಿನ ಸಿಪ್ಪೆ ಒಂದು ಪಾತ್ರೆಯಲ್ಲಿ, ಕಾರ್ಕಳದ್ದು ಇನ್ನೊಂದರಲ್ಲಿ ನೆನೆದವು.

"ನೀನು ನಮ್ಮಲ್ಲಿ ಮೊದಲು ಡಿಗ್ರಿ ಮಾಡಿದವ. ಹೇಳು, ಇದು ಯಾವ ಗುಡ್ಡ?" ಎಂದು ಮಾವ ನನಗೊಂದು ಬಟ್ಟಲು ನೀಡಿದರು.

"ಪುತ್ತೂರು ಇರಬಹುದು ಮಾವ. ಆದರೆ ಕಾರ್ಕಳವನ್ನೂ ತಳ್ಳಿಹಾಕುವಂತಿಲ್ಲ" ಎಂದೆ, ಪರೀಕ್ಷೆಗಳು ಕಲಿಸಿದ ಎಚ್ಚರಿಕೆಯಿಂದ.

"ಖಲಾಸ್. ಓದಿದ್ದು ದಂಡ."

ಬಳಿಕ ಬಟ್ಟಲು ಅತ್ತೆಯ ಮುಂದೆ ಹೋಗುವುದು. ಅವರು ಕುಡಿದು, "ಚಂದ ಉಂಟು" ಎನ್ನುವರು. ಪ್ರತಿದಿನವೂ ಅದೇ "ಚಂದ ಉಂಟು". ಮದುವೆಯಾದಂದಿನಿಂದ ಆ ಮಾತಿಗೆ ಕಾದಿದ್ದ ಮಾವ, ಅದನ್ನು ಕೇಳಿ ತಲೆ ತಗ್ಗಿಸಿ ಪಾತ್ರೆ ತೊಳೆಯಲು ಹೋಗುವರು. ಮರುದಿನ ಸಾರಿನಿಂದ ಇನ್ನೊಂದನ್ನು ತೆಗೆಯುವರು. ಮೆಣಸು ಹೋಯಿತು, ಕೊನೆಗೆ ಬೆಲ್ಲವೂ ಹೋಯಿತು.

ಒಂದು ಶುಕ್ರವಾರ ಮಧ್ಯಾಹ್ನ ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಎಂತ ಮಾರಾಯ್ರೆ ಇದು? ಬರೀ ಹುಳಿ. ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ."

ನಾನು ಬಾಲ್ಕನಿಯ ಬಾಗಿಲಿನಿಂದ ಕುರ್ಚಿಯನ್ನು ಸರಿಸಿ ದಾರಿ ಬಿಟ್ಟೆ. ಮಾವ ಅತ್ತ ಹೋಗಲಿಲ್ಲ. ಎರಡನೆಯ ಬಟ್ಟಲನ್ನು ಅತ್ತೆಯ ಮುಂದಿಟ್ಟು, ಪಕ್ಕದಲ್ಲಿ ಕುಳಿತರು.

"ಇದು ಕಾರ್ಕಳದ್ದು. ಇದಕ್ಕೂ ಸ್ವಲ್ಪ ಬೈ."